ಜೈಸಲ್ಮೇರ್ ಬಿಟ್ಟು ಬಿಕಾನೇರ್‌ಗೆ ಹೋಗುವುದು ಸರಿಯೇ? ತಂದೆಯವರೊಂದಿಗೆ ಮೂರು ದಿನದ ಪ್ರವಾಸ

ಪ್ರಶ್ನೆ: ಡೊಂಬಿವಲಿ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ವಿಜಯಪುರದವರು, ಇಪ್ಪತ್ತೆರಡು ವರ್ಷಗಳಿಂದ ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ನನ್ನ ತಂದೆಯವರು ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಈಗ ಅವರಿಗೆ ಎಪ್ಪತ್ತಮೂರು ವರ್ಷ. ತಾಯಿಯವರು ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಮರುಭೂಮಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹಳ ದಿನಗಳ ಆಸೆ. ಜನವರಿಯಲ್ಲಿ ನನಗೆ ಐದು ದಿನಗಳ ರಜೆ ದೊರೆತಿದ್ದು, ಅವರನ್ನು, ಹೆಂಡತಿಯನ್ನು ಮತ್ತು ಒಂಬತ್ತನೆಯ ತರಗತಿಯ ಮಗಳನ್ನು ಕರೆದುಕೊಂಡು ರಾಜಸ್ಥಾನಕ್ಕೆ ಹೋಗಬೇಕೆಂದಿದ್ದೇನೆ.

ಇಲ್ಲಿ ಯಾರನ್ನು ಕೇಳಿದರೂ ಜೈಸಲ್ಮೇರ್, ಜೋಧಪುರ, ಉದಯಪುರ ಎಂಬ ಮೂರು ಹೆಸರುಗಳನ್ನೇ ಹೇಳುತ್ತಾರೆ. ಪ್ರವಾಸದ ಏಜೆಂಟರು ಕೊಟ್ಟ ಪಟ್ಟಿಗಳಲ್ಲಿ ಬಿಕಾನೇರ್ ಇದ್ದರೂ ಅದು ದಾರಿಯಲ್ಲಿ ಒಂದು ರಾತ್ರಿ ತಂಗುವ ಊರಾಗಿ ಮಾತ್ರ ಇದೆ. ಆದರೆ ತಂದೆಯವರು ಬಿಕಾನೇರ್ ಎಂಬ ಹೆಸರನ್ನೇ ಹಿಡಿದು ಕುಳಿತಿದ್ದಾರೆ. 1686ರಲ್ಲಿ ವಿಜಾಪುರ ಔರಂಗಜೇಬನ ಕೈಸೇರಿದಾಗ ಮುತ್ತಿಗೆಯ ಸೈನ್ಯದಲ್ಲಿ ಬಿಕಾನೇರಿನ ಅರಸನೂ ಇದ್ದನೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದ ತಮಗೆ, ಆ ಅರಸನ ಊರು ಹೇಗಿದೆ ಎಂದು ನೋಡಬೇಕೆನಿಸುತ್ತದೆ ಎನ್ನುತ್ತಾರೆ.

ನನ್ನ ಪ್ರಶ್ನೆಗಳು ಇಷ್ಟು. ಬಿಕಾನೇರ್ ಒಂದಕ್ಕೇ ಮೂರು ದಿನ ಕೊಟ್ಟರೆ ಹೆಚ್ಚಾಗುವುದೇ? ತಂದೆಯವರಿಗೆ ಮೊಣಕಾಲು ನೋವು ಇರುವುದರಿಂದ ಕೋಟೆ ಹತ್ತುವುದು ಸಾಧ್ಯವೇ? ಇಲಿಗಳ ದೇವಸ್ಥಾನಕ್ಕೆ ಅವರನ್ನು ಕರೆದೊಯ್ಯಬಹುದೇ? ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.


ಉತ್ತರ 1: ಪುಣೆ, ಕೊಥ್ರೂಡ್‌ನಿಂದ

ನಮಸ್ಕಾರ. ನಾನು ಬಿಕಾನೇರ್‌ಗೆ ಎರಡು ಸಲ ಹೋಗಿಬಂದಿದ್ದೇನೆ. ಮೊದಲ ಸಲ ನೀವು ಹೇಳಿದಂತೆ ಜೈಸಲ್ಮೇರ್‌ಗೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಕೋಟೆಯನ್ನು ಗಡಿಬಿಡಿಯಲ್ಲಿ ನೋಡಿ ಹೊರಟುಬಿಟ್ಟೆ. ಆ ಕೊರಗು ಉಳಿದುಕೊಂಡಿದ್ದರಿಂದ ನಿವೃತ್ತನಾದ ವರ್ಷವೇ ಮತ್ತೆ ಹೋಗಿ ನಾಲ್ಕು ದಿನ ಇದ್ದೆ. ಆದ್ದರಿಂದ ಮೂರು ದಿನ ಹೆಚ್ಚಾಗುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಜೈಸಲ್ಮೇರ್‌ನಲ್ಲಿ ಮರಳಿನ ದಿಬ್ಬಗಳು ಸುಂದರವಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರುಭೂಮಿಯಲ್ಲಿ ಜನ ಐದು ನೂರು ವರ್ಷ ಹೇಗೆ ಬದುಕಿದರು, ಏನು ಉಂಡರು, ನೀರನ್ನು ಎಲ್ಲಿಂದ ತಂದರು, ಏನನ್ನು ಕೂಡಿಟ್ಟರು ಎಂಬುದನ್ನು ತಿಳಿಯಬೇಕಾದರೆ ಬಿಕಾನೇರ್‌ನಂಥ ಊರು ಇನ್ನೊಂದಿಲ್ಲ. ಅದು ಪ್ರವಾಸಿಗರಿಗಾಗಿ ಬದುಕುತ್ತಿರುವ ಊರಲ್ಲ, ತನ್ನ ಪಾಡಿಗೆ ತಾನು ವ್ಯಾಪಾರ ವಹಿವಾಟು ನಡೆಸಿಕೊಂಡಿರುವ ಊರು.

ಮೊದಲು ಮೊಣಕಾಲಿನ ವಿಷಯ. ಜೋಧಪುರದ ಕೋಟೆಯಾಗಲಿ ಜೈಸಲ್ಮೇರ್‌ನ ಕೋಟೆಯಾಗಲಿ ಗುಡ್ಡದ ಮೇಲಿವೆ. ಬಿಕಾನೇರಿನ ಜುನಾಗಢ ಕೋಟೆ ಸಮತಟ್ಟಾದ ನೆಲದ ಮೇಲಿದೆ. ರಸ್ತೆಯಿಂದ ನೇರವಾಗಿ ಬಾಗಿಲಿಗೆ ನಡೆದು ಹೋಗಬಹುದು. ಒಳಗಿನ ಮಹಲುಗಳಲ್ಲಿ ಮೆಟ್ಟಿಲುಗಳಿವೆ, ಕೆಲವು ಕಿರಿದಾಗಿಯೂ ಇವೆ. ಆದರೂ ನಡುನಡುವೆ ಕುಳಿತುಕೊಳ್ಳಲು ಅಂಗಳಗಳಿರುವುದರಿಂದ ಅವಸರ ಮಾಡದಿದ್ದರೆ ನಿಮ್ಮ ತಂದೆಯವರಿಗೆ ಕಷ್ಟವಾಗಲಾರದು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಅರ್ಧ ದಿನವನ್ನು ಅದಕ್ಕೇ ಮೀಸಲಿಡಿ.

ಊರು ಕಟ್ಟಿದವನು ರಾವ್ ಬೀಕಾ. ಜೋಧಪುರವನ್ನು ಕಟ್ಟಿದ ರಾವ್ ಜೋಧಾನ ಮಗನಾದ ಈತ ತಂದೆಯ ರಾಜ್ಯ ಬಿಟ್ಟು ಉತ್ತರಕ್ಕೆ ಬಂದು, ಆಗ ಜಾಂಗಲದೇಶ ಎಂದು ಕರೆಯುತ್ತಿದ್ದ ಈ ಪ್ರದೇಶದಲ್ಲಿ 1488ರಲ್ಲಿ ಊರಿಗೆ ನೆಲೆ ಹಾಕಿದ. ಈಗ ನಾವು ನೋಡುವ ಕೋಟೆ ಅವನದಲ್ಲ. ಅಕ್ಬರನ ಸೇನಾಪತಿಯಾಗಿದ್ದ ರಾಜಾ ರಾಯ್‌ಸಿಂಗ್ ಅದನ್ನು 1589ರಿಂದ 1594ರ ಅವಧಿಯಲ್ಲಿ ಕಟ್ಟಿಸಿದ. ಆಗ ಅದರ ಹೆಸರು ಚಿಂತಾಮಣಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅರಸು ಮನೆತನ ಲಾಲ್‌ಗಢ ಅರಮನೆಗೆ ವಾಸ ಬದಲಿಸಿದ ಮೇಲೆ ಇದು ಜುನಾಗಢ, ಎಂದರೆ ಹಳೆಯ ಕೋಟೆ, ಎನಿಸಿಕೊಂಡಿತು. ಸುತ್ತಲೂ ಕಂದಕ ಮತ್ತು 37 ಬುರುಜುಗಳಿವೆ. ಗುಡ್ಡದ ಆಸರೆ ಇಲ್ಲದ ಬಯಲಿನಲ್ಲಿ, ಕಲ್ಲನ್ನೂ ದೂರದಿಂದ ಹೊತ್ತು ತರಬೇಕಾದ ಜಾಗದಲ್ಲಿ ಇಷ್ಟನ್ನು ಕಟ್ಟಿದರಲ್ಲ ಎಂದು ಗೋಡೆಯ ಬುಡದಲ್ಲಿ ನಿಂತಾಗ ಅನಿಸದೆ ಇರುವುದಿಲ್ಲ.

ಒಳಗೆ ನೋಡಬೇಕಾದ ಮಹಲುಗಳು ಬಹಳ. ನಾನು ಹೆಚ್ಚು ಹೊತ್ತು ನಿಂತದ್ದು ಎರಡರಲ್ಲಿ. ಒಂದು ಬಾದಲ್ ಮಹಲ್. ಅದರ ಗೋಡೆಗಳ ಮೇಲೆಲ್ಲ ನೀಲಿ ಮೋಡಗಳು ಸುರುಳಿ ಸುರುಳಿಯಾಗಿ ಹರಡಿಕೊಂಡಿದ್ದು, ಕೆಳಗೆ ಮಳೆಯ ಎಳೆಗಳು ಸುರಿಯುತ್ತಿರುವಂತೆ ಚಿತ್ರಿಸಿದ್ದಾರೆ. ಮುಂಬಯಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿದರೆ ಅಲ್ಲಿ ಸುರಿಯುವುದು ಮುನ್ನೂರು ಮಿಲಿಮೀಟರ್‌ನ ಆಸುಪಾಸು. ಮಳೆಗಾಲದಲ್ಲಿ ಕೊಡೆ ಮಡಚುವ ಹೊತ್ತಿಲ್ಲದ ಊರಿನಿಂದ ಹೋದ ನನಗೆ, ಮಳೆಯನ್ನು ಗೋಡೆಯ ಮೇಲೆ ಬರೆಸಿಕೊಂಡು ಅದರ ನಡುವೆ ಕುಳಿತ ಜನರ ಹಂಬಲ ಅಲ್ಲಿ ಮೊದಲ ಸಲ ಅರ್ಥವಾಯಿತು. ಇನ್ನೊಂದು ಅನೂಪ್ ಮಹಲ್. ಕೆಂಪು ಅರಗಿನ ಬಣ್ಣದ ಮೇಲೆ ಚಿನ್ನದ ರೇಖೆಗಳ ಕೆಲಸವಿರುವ ಈ ಸಭಾಂಗಣ ನಿಮ್ಮ ತಂದೆಯವರು ಹೇಳುವ ಅರಸನ ಹೆಸರನ್ನೇ ಹೊತ್ತಿದೆ. ಅವನೇ ಅನೂಪ್‌ಸಿಂಗ್, 1669ರಿಂದ 1698ರವರೆಗೆ ಬಿಕಾನೇರ್ ಅವನ ಕೈಯಲ್ಲಿತ್ತು. ಆಳ್ವಿಕೆಯ ಬಹುಪಾಲನ್ನು ಅವನು ಕಳೆದದ್ದು ನಮ್ಮ ದಖ್ಖನದಲ್ಲಿ, ಮೊಘಲ್ ಸೈನ್ಯದ ಶಿಬಿರಗಳಲ್ಲಿ. ತೀರಿಕೊಂಡದ್ದೂ ಆದವಾನಿಯಲ್ಲಿ. ಕೋಟೆಯೊಳಗೆ ಮೂವತ್ಮೂರು ಕೋಟಿ ದೇವತೆಗಳ ಗುಡಿ ಎಂಬುದೊಂದಿದೆ. ದಖ್ಖನದ ದಂಡಯಾತ್ರೆಗಳ ಕಾಲದಲ್ಲಿ ಅವನು ತಂದ ಲೋಹದ ವಿಗ್ರಹಗಳಿಗಾಗಿ ಆದ ಗುಡಿ ಅದು. ಅದನ್ನು ನೋಡಲು ಅವಕಾಶವಿದೆಯೇ ಎಂದು ಟಿಕೆಟ್ ಕೊಡುವಲ್ಲಿಯೇ ವಿಚಾರಿಸಿಕೊಳ್ಳಿ.

ಮಗಳಿಗೆ ಗಂಗಾ ಮಹಲಿನಲ್ಲಿರುವ ಮೊದಲ ಮಹಾಯುದ್ಧದ ಕಾಲದ ವಿಮಾನ ಇಷ್ಟವಾಗಬಹುದು. ಉಳಿದ ಮಹಲುಗಳನ್ನು ಮಾರ್ಗದರ್ಶಿ ತಾನಾಗಿಯೇ ತೋರಿಸುತ್ತಾನೆ.

ಎರಡನೆಯ ದಿನ ಹಳೆಯ ಊರಿಗೆ. ಕೋಟ್ ಗೇಟ್ ದಾಟಿ ಒಳಗೆ ಹೋದರೆ ಓಣಿಗಳು ಇಕ್ಕಟ್ಟಾಗುತ್ತವೆ. ಕಾರು ಹೋಗುವುದಿಲ್ಲ, ಆಟೊ ಅಥವಾ ಸೈಕಲ್ ರಿಕ್ಷಾ ಮಾಡಿಕೊಳ್ಳಿ. ರಾಂಪುರಿಯಾ ಮನೆತನದ ಹವೇಲಿಗಳನ್ನು ದುಲ್ಮೇರಾದ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ್ದಾರೆ. ಕಿಟಕಿಗಳ ಜಾಲಂಧ್ರದ ಕೆತ್ತನೆ ಎಷ್ಟು ನವುರಾಗಿದೆ ಎಂದರೆ ಬಡಗಿಯ ಕೆಲಸವೆಂದೇ ಭ್ರಮೆಯಾಗುತ್ತದೆ. ಬಿಕಾನೇರಿನ ಸೇಟುಗಳ ಕುಟುಂಬಗಳು ತಲೆಮಾರುಗಳ ಹಿಂದೆಯೇ ಕಲಕತ್ತೆಗೂ ಮುಂಬಯಿಗೂ ವ್ಯಾಪಾರಕ್ಕೆ ಹೋದವು. ಹಾಗಾಗಿ ಎಷ್ಟೋ ಹವೇಲಿಗಳ ಬಾಗಿಲುಗಳಿಗೆ ಬೀಗ ಬಿದ್ದಿದೆ. ಊರು ಬಿಟ್ಟು ಬಂದು ಇಲ್ಲಿ ನೆಲೆಸಿರುವ ನಮ್ಮಂಥವರಿಗೆ ಆ ಬೀಗಗಳನ್ನು ನೋಡುವಾಗ ನಮ್ಮ ಹಳ್ಳಿಯ ಮನೆಗಳ ನೆನಪು ಬರುತ್ತದೆ.

ಅಲ್ಲಿಂದ ಭಾಂಡಾಸರ್ ಜೈನ ಬಸದಿಗೆ ಹೋಗಿ. ಐದನೆಯ ತೀರ್ಥಂಕರ ಸುಮತಿನಾಥನ ಬಸದಿ ಇದು. ಕಟ್ಟುವಾಗ ಗಾರೆಗೆ ನೀರಿನ ಬದಲು ಸಾವಿರಾರು ಕಿಲೋ ತುಪ್ಪ ಹಾಕಿದರೆಂಬ ಕಥೆಯನ್ನು ಅಲ್ಲಿನವರು ಹೇಳುತ್ತಾರೆ. ಕಥೆಯ ನಿಜಾಂಶ ಏನೇ ಇರಲಿ, ನೀರು ತುಪ್ಪಕ್ಕಿಂತ ದುರ್ಲಭವಾಗಿದ್ದ ನಾಡಿನಲ್ಲಿ ಮಾತ್ರ ಹುಟ್ಟಬಲ್ಲ ಕಥೆ ಅದು. ಕಂಬಗಳ, ಛಾವಣಿಯ ಮೇಲಿನ ಬಣ್ಣದ ಚಿತ್ರಗಳನ್ನು ನಿಧಾನವಾಗಿ ನೋಡಿ. ನಮ್ಮ ಕಡೆಯ ಬಸದಿಗಳ ಕಲ್ಲಿನ ಗಾಂಭೀರ್ಯಕ್ಕೆ ಒಗ್ಗಿದ ಕಣ್ಣಿಗೆ ಆ ಬಣ್ಣಗಳು ಬೇರೆಯೇ ಒಂದು ಲೋಕವಾಗಿ ಕಾಣುತ್ತವೆ.


ಉತ್ತರ 2: ಮುಲುಂಡ್‌ನಿಂದ

ಮೇಲೆ ಬರೆದ ಹಿರಿಯರು ಕೋಟೆಯ ವಿಷಯವನ್ನು ಚೆನ್ನಾಗಿ ತಿಳಿಸಿದ್ದಾರೆ. ನಾನು ಹೋದ ವರ್ಷ ಡಿಸೆಂಬರ್ ಕೊನೆಯಲ್ಲಿ ಅತ್ತೆಯವರೊಂದಿಗೆ ಹೋಗಿದ್ದೆ. ಹಿರಿಯರನ್ನು ಕರೆದೊಯ್ಯುವವರಿಗೆ ಉಪಯೋಗವಾಗುವ ಕೆಲವು ಮಾತುಗಳನ್ನು ಹೇಳುತ್ತೇನೆ.

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮರುಭೂಮಿ ಎಂದೊಡನೆ ಬಿಸಿಲೇ ನೆನಪಾಗುತ್ತದೆ. ಜನವರಿಯ ಹಗಲು ಹಿತವಾಗಿರುತ್ತದೆ, ಆದರೆ ರಾತ್ರಿಯ ಉಷ್ಣಾಂಶ ಐದಾರು ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಮುಂಬಯಿಯ ಚಳಿಗೆಂದು ಇಟ್ಟುಕೊಂಡ ಒಂದು ಶಾಲು ಅಲ್ಲಿ ಸಾಲದು. ಉಣ್ಣೆಯ ಟೋಪಿ, ಕಾಲುಚೀಲ, ದಪ್ಪನೆಯ ಸ್ವೆಟರ್ ತೆಗೆದುಕೊಂಡು ಹೋಗಿ. ನಾವು ಇಳಿದುಕೊಂಡಿದ್ದ ವಸತಿಗೃಹದಲ್ಲಿ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಇರಲಿಲ್ಲ, ಅತ್ತೆಯವರು ಎರಡು ರಾತ್ರಿ ನಿದ್ದೆಯಿಲ್ಲದೆ ಕಳೆದರು. ಕೋಣೆ ಕಾಯ್ದಿರಿಸುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇಲಿಗಳ ದೇವಸ್ಥಾನವೆಂದು ನೀವು ಬರೆದದ್ದು ದೇಶನೋಕ್‌ನ ಕರಣಿ ಮಾತೆಯ ಗುಡಿ. ಬಿಕಾನೇರ್‌ನಿಂದ ಸುಮಾರು 30 ಕಿಲೋಮೀಟರ್. ಕರಣಿ ಮಾತೆ ಅರಸರ ಕೀರ್ತಿ ಹಾಡುವ ಕವಿಗಳಾದ ಚಾರಣರ ಸಮುದಾಯದಲ್ಲಿ ಹುಟ್ಟಿದ ತಪಸ್ವಿನಿ, ರಾವ್ ಬೀಕಾನ ಸಮಕಾಲೀನಳು, ಅರಸು ಮನೆತನ ಆಕೆಯನ್ನು ತನ್ನನ್ನು ಕಾಯುವ ದೇವಿಯೆಂದು ಪೂಜಿಸುತ್ತದೆ. ಆಕೆಯ ವಂಶದವರು ಸತ್ತ ಮೇಲೆ ಇಲಿಯಾಗಿ ಹುಟ್ಟಿ, ಮತ್ತೆ ಮನುಷ್ಯರಾಗಿ ಬರುತ್ತಾರೆಂಬ ನಂಬಿಕೆ ಇರುವುದರಿಂದ ಅಲ್ಲಿನವರು ಅವುಗಳನ್ನು ಇಲಿ ಎನ್ನದೆ ಗೌರವದಿಂದ ಕಾಬಾ ಎಂದು ಕರೆಯುತ್ತಾರೆ. ಅಮೃತಶಿಲೆಯ ಮುಖದ್ವಾರ ಮಹಾರಾಜ ಗಂಗಾಸಿಂಗ್ ಅವರ ಕಾಲದ್ದು. ಬರಿಗಾಲಿನಲ್ಲಿ ನಡೆಯಬೇಕು, ಇಲಿಗಳು ಪಾದದ ಮೇಲೆಯೇ ಹರಿದುಹೋಗಬಹುದು, ನೆಲದ ಮೇಲೆ ಕಾಳು ಮತ್ತು ಹಾಲು ಚೆಲ್ಲಿರುತ್ತದೆ. ಕಾಲನ್ನು ಎತ್ತಿಡದೆ ನೆಲಕ್ಕೆ ಸವರಿಕೊಂಡೇ ನಡೆಯಬೇಕು. ಅತ್ತೆಯವರು ಹೆದರುತ್ತಾರೆಂದು ನಾನು ಎಣಿಸಿದ್ದೆ. ಅವರು ಒಳಗೆ ಕುಳಿತು ಕೈಮುಗಿದು, ನಮ್ಮ ಕಡೆ ನಾಗರಕಲ್ಲಿಗೆ ಹಾಲೆರೆಯುವುದಿಲ್ಲವೇ ಎಂದರು. ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆಯಿದ್ದು ಪಾದಗಳಲ್ಲಿ ಗಾಯವೇನಾದರೂ ಇದ್ದರೆ ಮಾತ್ರ ಒಳಗೆ ಹೋಗುವುದು ಬೇಡ. ಇಲ್ಲದಿದ್ದರೆ ಅವರ ಇಚ್ಛೆಗೆ ಬಿಡಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಯಾವ ತೊಂದರೆಯೂ ಇಲ್ಲ. ಬಿಕಾನೇರಿ ಭುಜಿಯಾ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಬರೀ ಕಡಲೆ ಹಿಟ್ಟಿನಿಂದ ಮಾಡುವುದಲ್ಲ, ಅದರ ಜೀವ ಇರುವುದು ಮೋಠ್ ಎಂಬ ಕಾಳಿನ ಹಿಟ್ಟಿನಲ್ಲಿ ಎಂಬುದನ್ನು ನಾನು ಅಲ್ಲಿ ಹೋಗಿಯೇ ತಿಳಿದೆ. ಮೋಠ್ ಎಂದರೆ ಬೇರೇನೂ ಅಲ್ಲ, ನಮ್ಮ ಮಡಕೆ ಕಾಳು, ಇಲ್ಲಿನ ಮಿಸಳ್‌ಗೆ ಹಾಕುವ ಮಟಕಿ. ನೆಲದ ಮೇಲೆ ಬಳ್ಳಿಯಂತೆ ಹಬ್ಬುವ ಈ ಗಿಡ ಮರಳು ನೆಲದಲ್ಲಿ ಅತಿ ಕಡಿಮೆ ನೀರಿನಲ್ಲಿ ಬೆಳೆಯುತ್ತದೆ. ಬೇರೆ ಬೇಳೆ ಬೆಳೆಯದ ಕಡೆ ಬೆಳೆಯುವ ಕಾಳನ್ನೇ ಹಿಟ್ಟು ಮಾಡಿ, ಖಾರ ಬೆರೆಸಿ, ಜರಡಿಯಲ್ಲಿ ಉಜ್ಜಿ ಎಣ್ಣೆಗೆ ಬಿಡುತ್ತಾರೆ. ಹಪ್ಪಳವೂ ಅದೇ ಕಾಳಿನದು. ಒಣ ಹವೆಯಲ್ಲಿ ಬೇಗ ಒಣಗುವುದರಿಂದ ಹಪ್ಪಳದ ಉದ್ಯೋಗ ಅಲ್ಲಿ ಮನೆಮನೆಗೂ ಹಬ್ಬಿದೆ. ಕೇರ್–ಸಾಂಗ್ರಿ ಪಲ್ಯವನ್ನೂ ತಪ್ಪದೆ ತಿನ್ನಿ. ಕೇರ್ ಎಂದರೆ ಮುಳ್ಳು ಪೊದೆಯೊಂದರ ಕಾಯಿ, ಸಾಂಗ್ರಿ ಎಂದರೆ ಖೇಜಡಿ ಮರದ ಕಾಯಿ. ಆ ಮರ ನಮ್ಮ ಬನ್ನಿ ಮರವೇ. ದಸರೆಯಲ್ಲಿ ನಾವು ಎಲೆ ಹಂಚಿಕೊಂಡು ಬಂಗಾರವೆಂದು ಕೈಗಿಡುವ ಮರದ ಕಾಯಿಯನ್ನು ಅವರು ಒಣಗಿಸಿಟ್ಟು ವರ್ಷವಿಡೀ ಉಣ್ಣುತ್ತಾರೆ ಎಂದು ತಿಳಿದಾಗ ಅತ್ತೆಯವರು ಒಂದು ಪೊಟ್ಟಣ ಕಟ್ಟಿಸಿಕೊಂಡರು. ಬೆಳಿಗ್ಗೆ ಕಚೋರಿ, ಜೊತೆಗೆ ರಸಗುಲ್ಲಾ. ಅಲ್ಲಿನ ರಸಗುಲ್ಲಾ ಬಂಗಾಳದ್ದಕ್ಕೆ ಸರಿಸಮ ಎಂದು ನನ್ನ ಅಭಿಪ್ರಾಯ.

ಮಗಳನ್ನು ಊರ ಹೊರಗಿನ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರಕ್ಕೆ ಖಂಡಿತ ಕರೆದುಕೊಂಡು ಹೋಗಿ. 1984ರಲ್ಲಿ ಆರಂಭವಾದ ಸಂಸ್ಥೆ ಅದು. ಮಧ್ಯಾಹ್ನದ ನಂತರ ಹೋದರೆ ಮೇವಿಗೆ ಹೋದ ಒಂಟೆಗಳು ಹಿಂಡಾಗಿ ಮರಳುವುದನ್ನು ನೋಡಬಹುದು. ಬಿಕಾನೇರಿ, ಜೈಸಲ್ಮೇರಿ, ಕಚ್ಛಿ, ಮೇವಾಡಿ ತಳಿಗಳ ವ್ಯತ್ಯಾಸವನ್ನು ತೋರಿಸಿ ಹೇಳುತ್ತಾರೆ, ಒಂಟೆ ಹಾಲಿನ ಐಸ್‌ಕ್ರೀಮ್ ಸಿಗುತ್ತದೆ. 2012ರಲ್ಲಿ ದೇಶದಲ್ಲಿ ನಾಲ್ಕು ಲಕ್ಷದಷ್ಟಿದ್ದ ಒಂಟೆಗಳು 2019ರ ಜಾನುವಾರು ಗಣತಿಯ ಹೊತ್ತಿಗೆ ಎರಡೂವರೆ ಲಕ್ಷಕ್ಕೆ ಇಳಿದಿವೆ. ರಾಜಸ್ಥಾನ ಸರಕಾರ 2014ರಲ್ಲಿ ಒಂಟೆಯನ್ನು ರಾಜ್ಯದ ಪ್ರಾಣಿಯೆಂದು ಘೋಷಿಸಿದ ಮೇಲೂ ಇಳಿಕೆ ನಿಂತಿಲ್ಲ. ಹೊಲಕ್ಕೆ ಟ್ರ್ಯಾಕ್ಟರ್, ದಾರಿಗೆ ಜೀಪು ಬಂದ ಮೇಲೆ ಸಾಕುವವರಿಗೆ ಒಂಟೆಯಿಂದ ಆದಾಯವಿಲ್ಲ. ಹಾಲಿಗೆ ಮಾರುಕಟ್ಟೆ ದೊರೆತರೆ ಮಾತ್ರ ಅವರು ಅದನ್ನು ಉಳಿಸಿಕೊಳ್ಳಬಲ್ಲರು. ಆದ್ದರಿಂದ ಅಲ್ಲಿ ಐಸ್‌ಕ್ರೀಮ್ ಕೊಳ್ಳುವುದು ಕೇವಲ ಬಾಯಿ ರುಚಿಯ ವಿಷಯವಲ್ಲ ಎಂದು ನನಗನ್ನಿಸಿತು.


ಡೊಂಬಿವಲಿ ನಿವಾಸಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಎರಡೂ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ಬನ್ನಿ ಮರದ ಮಾತು ಬಂದಾಗ ಮತ್ತೊಮ್ಮೆ ಓದಿಸಿದರು. ಸಕ್ಕರೆ ಕಾಯಿಲೆ ಇಲ್ಲ, ದೇಶನೋಕ್‌ಗೂ ಬರುತ್ತೇನೆಂದರು.

ಅವರು ಎರಡು ಪ್ರಶ್ನೆ ಕೇಳಲು ಹೇಳಿದ್ದಾರೆ. ದಖ್ಖನದಿಂದ ಅನೂಪ್‌ಸಿಂಗ್ ವಿಗ್ರಹಗಳನ್ನು ಒಯ್ದದ್ದು ರಕ್ಷಿಸುವುದಕ್ಕೋ, ಕೊಳ್ಳೆಯಾಗಿಯೋ? ಇನ್ನೊಂದು, ಮಳೆಯೇ ಇಲ್ಲದ ಇಷ್ಟು ದೊಡ್ಡ ಊರಿಗೆ ನೀರು ಎಲ್ಲಿಂದ ಬರುತ್ತದೆ?


ಉತ್ತರ 3: ಗೋವಾ, ಮಡಗಾಂವ್‌ನಿಂದ

ನೀರಿನ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ನಾನು ನೀರಾವರಿ ಕೆಲಸದಲ್ಲಿದ್ದವನು, ಹಕ್ಕಿಗಳನ್ನು ನೋಡುವ ಹವ್ಯಾಸದಿಂದಾಗಿ ಬಿಕಾನೇರ್‌ಗೆ ಹೋದವನು.

ಹಿಂದೆ ಆ ಊರು ಬದುಕಿದ್ದು ಮೂರು ಆಸರೆಗಳ ಮೇಲೆ. ಮನೆಯಂಗಳದ ಕೆಳಗೆ ಕಟ್ಟಿ, ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರನ್ನು ಇಳಿಸಿಕೊಳ್ಳುತ್ತಿದ್ದ ಟಾಂಕಾ ಒಂದು. ಸುತ್ತಲಿನ ನೆಲವನ್ನು ಇಳಿಜಾರು ಮಾಡಿ ನೀರು ಕೂಡಿಸುತ್ತಿದ್ದ ಕೆರೆಗಳು ಎರಡನೆಯದು. ಎತ್ತು ಒಂಟೆಗಳನ್ನು ಕಟ್ಟಿ ಎಳೆಸಬೇಕಾಗಿದ್ದ ಬಹಳ ಆಳದ ಬಾವಿಗಳು ಮೂರನೆಯದು. ಇವು ಮೂರೂ ಕೈಕೊಟ್ಟ ವರ್ಷ 1899–1900ರದು. ವಿಕ್ರಮ ಸಂವತ್ಸರ 1956 ಆದ್ದರಿಂದ ಅಲ್ಲಿನವರು ಅದನ್ನು ಛಪ್ಪನಿಯಾ ಬರ, ಎಂದರೆ ಐವತ್ತಾರರ ಬರ, ಎಂದು ಈಗಲೂ ನೆನೆಯುತ್ತಾರೆ. ಆಗ ತಾನೇ ಪೂರ್ಣಾಧಿಕಾರ ವಹಿಸಿಕೊಂಡಿದ್ದ ಗಂಗಾಸಿಂಗ್ ಆ ಬರವನ್ನು ಕಣ್ಣಾರೆ ಕಂಡವರು. ಸತ್ಲಜ್ ನದಿಯ ನೀರನ್ನು ಮರುಭೂಮಿಗೆ ತರಬೇಕೆಂದು ಅವರು ಹಿಡಿದ ಹಟ ಫಲಿಸಿದ್ದು 1927ರಲ್ಲಿ, ಗಂಗಾ ಕಾಲುವೆ ತೆರೆದಾಗ. ಮರಳು ನೆಲದಲ್ಲಿ ನೀರು ಇಂಗಿಹೋಗದಂತೆ ಆ ಕಾಲುವೆಗೆ ಸುಣ್ಣದ ಗಾರೆಯ ಒಳಪದರ ಹಾಕಿದರು. ನನ್ನ ವೃತ್ತಿಯವರಿಗೆ ಅದು ಇಂದಿಗೂ ಗೌರವ ಹುಟ್ಟಿಸುವ ಕೆಲಸ. ರಾಜ್ಯದ ಉತ್ತರ ಭಾಗದ ಶ್ರೀಗಂಗಾನಗರದ ಸುತ್ತಲಿನ ಸೀಮೆ ಅದರಿಂದ ಹಸಿರಾಯಿತು.

ಆದರೆ ಆ ನೀರು ಬಿಕಾನೇರ್ ನಗರದವರೆಗೆ ಬರಲಿಲ್ಲ. ಅದಕ್ಕೆ ಇನ್ನೂ ದೊಡ್ಡ ಕಾಲುವೆ ಬೇಕಾಯಿತು. ಬಿಕಾನೇರ್ ಸಂಸ್ಥಾನದ ಎಂಜಿನಿಯರ್ ಆಗಿದ್ದ ಕನ್ವರ್ ಸೇನ್ ಅವರು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಅದರ ಕಲ್ಪನೆ ಕೊಟ್ಟರು. ಕೆಲಸ 1958ರಲ್ಲಿ ಆರಂಭವಾಯಿತು. ಪಂಜಾಬಿನಲ್ಲಿ ಸತ್ಲಜ್ ಮತ್ತು ಬಿಯಾಸ್ ನದಿಗಳು ಕೂಡುವ ಹರಿಕೆಯಿಂದ ಹೊರಡುವ ಈ ಕಾಲುವೆಗೆ ಮೊದಲು ರಾಜಸ್ಥಾನ ಕಾಲುವೆ ಎಂಬ ಹೆಸರಿತ್ತು, ಈಗ ಅದು ಇಂದಿರಾ ಗಾಂಧಿ ಕಾಲುವೆ. ಪೂರಕ ಕಾಲುವೆ ಮತ್ತು ಮುಖ್ಯ ಕಾಲುವೆ ಸೇರಿ ಸುಮಾರು 650 ಕಿಲೋಮೀಟರ್ ಉದ್ದ. ಬಿಕಾನೇರ್ ನಗರ ಕಾಲುವೆಗಿಂತ ಎತ್ತರದಲ್ಲಿರುವುದರಿಂದ ನೀರನ್ನು ಹಂತ ಹಂತವಾಗಿ ಪಂಪು ಮಾಡಿ ಏರಿಸಬೇಕು. ಆ ಏತ ಕಾಲುವೆಗೆ ಕನ್ವರ್ ಸೇನ್ ಅವರದೇ ಹೆಸರಿದೆ. ಹಿಮಾಲಯದಲ್ಲಿ ಕರಗಿದ ಹಿಮದ ನೀರನ್ನು ಥಾರ್ ಮರುಭೂಮಿಯ ಮನೆಯೊಂದರ ನಲ್ಲಿಯಲ್ಲಿ ಹಿಡಿದು ಕುಡಿಯುತ್ತಿದ್ದೇವೆ ಎಂದು ನಿಮ್ಮ ಮಗಳಿಗೆ ನಕಾಶೆ ತೋರಿಸಿ ಹೇಳಿ. ಕಾಲುವೆಯಿಂದ ಕೆಲವು ಕಡೆ ಜೌಗು ಮತ್ತು ಉಪ್ಪು ನೆಲದ ಸಮಸ್ಯೆಯೂ ಬಂದಿದೆ ಎಂಬುದನ್ನು ಮರೆಮಾಚಬಾರದು. ಕೆಳಗೆ ಗಟ್ಟಿ ಪದರವಿರುವ ನೆಲಕ್ಕೆ ಅಳತೆ ಮೀರಿ ನೀರು ಹರಿಸಿದರೆ ಹಾಗಾಗದೆ ಇರುವುದಿಲ್ಲ.

ಒಂಟೆ ಕೇಂದ್ರದ ಆಚೆಗೆ ಜೋಡ್‌ಬೀಡ್ ಎಂಬ ಬಯಲಿದೆ. ಸತ್ತ ಜಾನುವಾರುಗಳನ್ನು ತಂದು ಹಾಕುವ ಜಾಗ ಅದು. ಕೇಳಲು ಹಿತವೆನಿಸದಿದ್ದರೂ ಚಳಿಗಾಲದಲ್ಲಿ ರಣಹದ್ದುಗಳನ್ನು ಅಷ್ಟು ಸಂಖ್ಯೆಯಲ್ಲಿ ನೋಡಲು ದೇಶದಲ್ಲಿ ಸಿಗುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಹಿಮಾಲಯದ ರಣಹದ್ದು, ಯುರೇಶಿಯಾದ ರಣಹದ್ದು, ಕಪ್ಪು ರಣಹದ್ದು, ಅವುಗಳ ಜೊತೆಗೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬರುವ ಗಿಡುಗಗಳು ಅಲ್ಲಿ ಸೇರುತ್ತವೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ ಸತ್ತ ಪ್ರಾಣಿಯ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದಿತ್ತು. ಪಶುಗಳಿಗೆ ಅದನ್ನು ಕೊಡುವುದನ್ನು ನಮ್ಮ ದೇಶ 2006ರಲ್ಲಿ ನಿಷೇಧಿಸಿತು. ವಾಸನೆ ಬಹಳ ಇರುವುದರಿಂದ ತಂದೆಯವರನ್ನು ಕರೆದೊಯ್ಯಬೇಕೇ ಎಂಬುದನ್ನು ನೀವೇ ಯೋಚಿಸಿ. ನಾನಂತೂ ಎರಡು ಬೆಳಗುಗಳನ್ನು ಅಲ್ಲಿಯೇ ಕಳೆದೆ, ಅವು ನನ್ನ ಪ್ರವಾಸದ ಅತ್ಯುತ್ತಮ ಗಳಿಗೆಗಳಾಗಿದ್ದವು.


ಉತ್ತರ 4: ಪುಣೆ, ಪಿಂಪ್ರಿಯಿಂದ

ವಿಗ್ರಹಗಳ ಬಗೆಗಿನ ಪ್ರಶ್ನೆ ಸುಲಭದ್ದಲ್ಲ, ಕೇಳಿದ ಹಿರಿಯರಿಗೆ ನಮಸ್ಕಾರಗಳು. ದಖ್ಖನದ ಮಧ್ಯಕಾಲದ ಇತಿಹಾಸವನ್ನು ಕೆಲವು ವರ್ಷಗಳಿಂದ ಓದುತ್ತಿರುವ ನಾನು ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಬಿಕಾನೇರ್‌ನಲ್ಲಿ ಹೇಳುವುದು ಒಂದೇ ಮಾತು. ಯುದ್ಧದಲ್ಲಿ ಒಡೆದು ಕರಗಿಸಿಬಿಡಬಹುದಾಗಿದ್ದ ವಿಗ್ರಹಗಳನ್ನು ಅನೂಪ್‌ಸಿಂಗ್ ಕಾಪಾಡಿ ತಂದನು ಎಂದು. ಅದನ್ನು ಸುಳ್ಳೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ತಂದ ವಿಗ್ರಹಗಳಿಗೆ ಅವನು ಗುಡಿಯಲ್ಲಿ ನೆಲೆ ಕೊಟ್ಟಿದ್ದಾನೆ. ಆದರೆ ಆದವಾನಿಯ ಕೋಟೆಯನ್ನು ಮುತ್ತಿದ ಸೈನ್ಯವೂ, ವಿಜಾಪುರವನ್ನು ಮುತ್ತಿದ ಸೈನ್ಯವೂ ಅವನು ಸೇವೆ ಸಲ್ಲಿಸುತ್ತಿದ್ದ ಮೊಘಲ್ ಸೈನ್ಯವೇ. ದಖ್ಖನದಿಂದ ವಿಗ್ರಹಗಳಷ್ಟೇ ಅಲ್ಲ, ಆಯುಧಗಳೂ ಹೋದವು. ಆದವಾನಿಯ ಕೋಟೆಯಿಂದ ಬಂದದ್ದು ಎಂದು ಚುಕ್ಕಿಗಳಿಂದ ಬರೆದ ಬಿಕಾನೇರ್ ಶಸ್ತ್ರಾಗಾರದ ಗುರುತುಗಳಿರುವ ದಖ್ಖನದ ಕಠಾರಿಗಳು ಇಂದು ವಿದೇಶದ ವಸ್ತುಸಂಗ್ರಹಾಲಯಗಳಲ್ಲಿಯೂ ಇವೆ. ಕಠಾರಿಗಳನ್ನು ಗೆಲುವಿನ ಪಾಲು ಎನ್ನುವುದಾದರೆ, ಅದೇ ದಾರಿಯಲ್ಲಿ ಹೋದ ವಿಗ್ರಹಗಳನ್ನು ಕೇವಲ ರಕ್ಷಣೆ ಎನ್ನುವುದು ಹೇಗೆ? ಒಬ್ಬನೇ ಮನುಷ್ಯನ ಒಂದೇ ಕೆಲಸದಲ್ಲಿ ಎರಡೂ ಸೇರಿರಬಹುದು ಎಂಬುದು ನನ್ನ ನಿಲುವು. ನಿಮ್ಮ ತಂದೆಯವರು ಒಪ್ಪದಿದ್ದರೆ ಅವರ ಅಭಿಪ್ರಾಯವನ್ನು ಇಲ್ಲಿ ಬರೆಯಿರಿ, ತಿಳಿಯಲು ನನಗೆ ಬಹಳ ಆಸಕ್ತಿಯಿದೆ. ಆದವಾನಿ 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದ ತಾಲ್ಲೂಕು ಎಂಬುದು ಅವರಿಗೆ ಗೊತ್ತೇ ಇರುತ್ತದೆ. ಆ ದೃಷ್ಟಿಯಿಂದ ಇದು ದೂರದ ರಾಜಸ್ಥಾನದ ಕಥೆ ಮಾತ್ರವಲ್ಲ.

ಅನೂಪ್‌ಸಿಂಗ್‌ನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲದ ಒಂದು ಕೆಲಸವಿದೆ, ಅದು ಹಸ್ತಪ್ರತಿಗಳ ಸಂಗ್ರಹ. ಶಿಬಿರದಿಂದ ಶಿಬಿರಕ್ಕೆ ಅಲೆಯುತ್ತಿದ್ದ ಈ ಸೇನಾಪತಿ ಹೋದಲ್ಲೆಲ್ಲ ಸಂಸ್ಕೃತ ಹಸ್ತಪ್ರತಿಗಳನ್ನು ಕೊಂಡು, ಪ್ರತಿ ಮಾಡಿಸಿ ಊರಿಗೆ ಕಳಿಸಿದನು. ಅವನ ಹೆಸರಿನ ಅನೂಪ್ ಸಂಸ್ಕೃತ ಗ್ರಂಥಾಲಯ ಇಂದಿಗೂ ಇದೆ. ರಾಜೇಂದ್ರಲಾಲ ಮಿತ್ರರು ಸಿದ್ಧಪಡಿಸಿದ ಅದರ ಸೂಚಿಪಟ್ಟಿ 1880ರಲ್ಲಿಯೇ ಅಚ್ಚಾಯಿತು. ಸಂಗೀತಶಾಸ್ತ್ರಜ್ಞ ಭಾವಭಟ್ಟ ಅವನ ಆಸ್ಥಾನದಲ್ಲಿದ್ದು ಗ್ರಂಥಗಳನ್ನು ರಚಿಸಿದನು. ರುಕ್ನುದ್ದೀನ್‌ನಂಥ ಚಿತ್ರಕಾರರೂ ಅಲ್ಲಿದ್ದರು. ಬಿಕಾನೇರಿನ ಆ ಕಾಲದ ಚಿತ್ರಗಳಲ್ಲಿ ದಖ್ಖನೀ ಶೈಲಿಯ ಛಾಯೆ ಸ್ಪಷ್ಟವಾಗಿದೆ. ವಿಜಾಪುರದ ಚಿತ್ರಗಳನ್ನು ಬಲ್ಲ ಕಣ್ಣಿಗೆ ಅದು ಕೂಡಲೇ ತಿಳಿಯುತ್ತದೆ.

ಇನ್ನೊಬ್ಬರನ್ನೂ ನೆನೆಯಬೇಕು. ಇಟಲಿಯ ಲುಯಿಜಿ ಪಿಯೋ ತೆಸ್ಸಿತೋರಿ ರಾಜಸ್ಥಾನಿ ಭಾಷೆಯ ವಿದ್ವಾಂಸರಾಗಿ ಬಿಕಾನೇರ್ ಸೀಮೆಯ ಚಾರಣರ ಕಾವ್ಯಗಳನ್ನು ಸಂಗ್ರಹಿಸಿದರು, ಹರಪ್ಪಾ ನಾಗರಿಕತೆಯ ಅವಶೇಷಗಳಿರುವ ಕಾಲಿಬಂಗಾದ ಪ್ರಾಚೀನ ದಿಬ್ಬಗಳನ್ನು ಗುರುತಿಸಿದರು. 1919ರಲ್ಲಿ, ಇನ್ನೂ ಮೂವತ್ತೊಂದರ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಬಿಕಾನೇರ್‌ನಲ್ಲಿಯೇ ಇದೆ. ನಿಮ್ಮ ತಂದೆಯವರು ಅಲ್ಲಿ ಒಂದು ಗಳಿಗೆ ನಿಲ್ಲಲು ಬಯಸಬಹುದು.


ಪುಣೆ, ಕೊಥ್ರೂಡ್‌ನಿಂದ

ಪ್ರಯಾಣದ ವಿಷಯ ಬಿಟ್ಟುಹೋಗಿತ್ತು. ಮುಂಬಯಿಯಿಂದ ಜೋಧಪುರದ ಮೂಲಕ ಬಿಕಾನೇರ್‌ಗೆ ನೇರ ರೈಲುಗಳಿವೆ, ಸುಮಾರು ಒಂದು ಇಡೀ ದಿನದ ಪ್ರಯಾಣ. ಹೊರಡುವ ನಿಲ್ದಾಣ ಯಾವುದೆಂದು ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ಐದೇ ದಿನಗಳ ರಜೆಯಾದ್ದರಿಂದ ಹೋಗುವಾಗ ವಿಮಾನದಲ್ಲಿ ಜೋಧಪುರಕ್ಕೆ ಹೋಗಿ, ಅಲ್ಲಿಂದ ಸುಮಾರು 250 ಕಿಲೋಮೀಟರ್ ಕಾರಿನಲ್ಲಿ ಹೋಗುವುದು ಮೇಲು. ದೇಶನೋಕ್ ದಾರಿಯ ಮೇಲೆಯೇ ಬರುತ್ತದೆ. ಮರಳುವಾಗ ಮಾತ್ರ ರೈಲಿನಲ್ಲಿ ಬನ್ನಿ. ಬಿಕಾನೇರ್‌ನಿಂದ ಯಶವಂತಪುರಕ್ಕೆ ಒಂದು ರೈಲಿದೆ, ವಾರದಲ್ಲಿ ಕೆಲವೇ ದಿನ ಹೊರಡುತ್ತದೆ. ವಸಾಯಿ, ಪುಣೆ, ಮೀರಜ್, ಬೆಳಗಾವಿ, ಹುಬ್ಬಳ್ಳಿಯ ಮೇಲೆ ಹೋಗುವ ಆ ರೈಲಿನಲ್ಲಿ ನಾನು ಬಂದಾಗ, ಮರಳು ನಾಡಿನ ನಿಲ್ದಾಣದಲ್ಲಿಯೇ ಹುಬ್ಬಳ್ಳಿ ಕನ್ನಡ ಕಿವಿಗೆ ಬಿದ್ದಿತ್ತು. ಆ ಕಡೆಯ ಬಟ್ಟೆ, ಪಾತ್ರೆ ವ್ಯಾಪಾರದ ಎಷ್ಟೋ ಮಾರವಾಡಿ ಕುಟುಂಬಗಳು ನಮ್ಮ ಊರುಗಳಲ್ಲಿ ನೆಲೆಸಿ ಕನ್ನಡವನ್ನೇ ಆಡುತ್ತವೆ.

ಒಂದು ಸಂಜೆಯನ್ನು ಹಳೆಯ ಊರಿನ ಚೌಕದಲ್ಲಿ ಕಳೆಯಿರಿ. ಅಲ್ಲಿ ಪಾಟಾ ಎಂಬ ದೊಡ್ಡ ಮರದ ಕಟ್ಟೆಗಳಿವೆ. ಕತ್ತಲಾದ ಮೇಲೆ ಹಿರಿಯರು ಅವುಗಳ ಮೇಲೆ ಸೇರಿ, ಊರಿನ ವಿಷಯದಿಂದ ದೇಶದ ರಾಜಕೀಯದವರೆಗೆ ಮಾತನಾಡುತ್ತ ನಡುರಾತ್ರಿಯವರೆಗೂ ಕುಳಿತಿರುತ್ತಾರೆ. ಅಪರಿಚಿತರಿಗೂ ಜಾಗ ಬಿಟ್ಟುಕೊಡುತ್ತಾರೆ. ನಾವು ವಿಜಾಪುರದವರೆಂದು ತಂದೆಯವರು ಹೇಳಲಿ, ಅನೂಪ್‌ಸಿಂಗ್‌ನ ಮಾತು ಅವರೇ ಎತ್ತುತ್ತಾರೆ.


ಡೊಂಬಿವಲಿ ನಿವಾಸಿ

ಎಲ್ಲರಿಗೂ ಋಣಿಯಾಗಿದ್ದೇನೆ. ಜೋಧಪುರಕ್ಕೆ ವಿಮಾನದ ಟಿಕೆಟ್ ಮತ್ತು ಬಿಕಾನೇರ್‌ನಲ್ಲಿ ಮೂರು ರಾತ್ರಿಗೆ ಕೋಣೆ ಇಂದು ಕಾಯ್ದಿರಿಸಿದೆ. ಕೋಣೆ ಬೆಚ್ಚಗಿರುವುದೇ ಎಂದು ಮೊದಲೇ ಕೇಳಿಕೊಂಡೆ. ಪಿಂಪ್ರಿಯವರ ಉತ್ತರವನ್ನು ಓದಿಸಿಕೊಂಡ ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ವಿಗ್ರಹಗಳನ್ನು ನೋಡಿದ ಮೇಲೆಯೇ ಉತ್ತರ ಬರೆಸುತ್ತೇನೆ ಎಂದರು. ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.